ಅಕೇಡಿಯನ್ ಮನೆತನಗಳಲ್ಲಿ ತಂದೆತಾಯಿಯರನ್ನು ಪತ್ತೆಹಚ್ಚುವುದು: ಹಳೆಯ ಜನಗಣತಿ ಮತ್ತು ಚರ್ಚ್ ದಾಖಲೆಗಳ ಸಮಗ್ರ ಮಾರ್ಗದರ್ಶಿ

ಪೋರ್-ರೋಯಾಲ್ ಊರಿನ 1671ರ ಜನಗಣತಿಯಲ್ಲಿ ಒಂದು ಮನೆ ಹೀಗಿದೆ: ಯಜಮಾನ ಗಿಯೋಮ್ ತ್ರಾಹಾಂ, ಕಮ್ಮಾರ, 60 ವರ್ಷ, ಹೆಂಡತಿ ಮದ್ಲೆನ್ ಬ್ರಂ, 25 ವರ್ಷ, ಮೂವರು ಪುಟ್ಟ ಮಕ್ಕಳು. ಅದೇ ಪಟ್ಟಿಯ ಇನ್ನೊಂದು ಮನೆಯಲ್ಲಿ ಶಸ್ತ್ರವೈದ್ಯ ಜಾಕ್ ಬೂರ್ಜ್ವಾ ಇದ್ದಾನೆ. ಅವನ ಹೆಂಡತಿ ಜಾನ್ ತ್ರಾಹಾಂ, 40 ವರ್ಷ. ಮನೆತನದ ಹೆಸರು ಒಂದೇ ಎಂದು ಜಾನ್‌ಳನ್ನು ಗಿಯೋಮ್ ಮತ್ತು ಮದ್ಲೆನ್ ದಂಪತಿಯ ಮಗಳಾಗಿಸಿದರೆ, ಮಗಳು ತಾಯಿಗಿಂತ 15 ವರ್ಷ ದೊಡ್ಡವಳಾಗುತ್ತಾಳೆ. ಇಲ್ಲಿ ವಯಸ್ಸು ನಮ್ಮನ್ನು ಎಚ್ಚರಿಸಿತು. ತಂದೆ ಎರಡನೇ ಮದುವೆಯಾದ ಎಷ್ಟೋ ಮನೆಗಳಲ್ಲಿ ಅಂಥ ಎಚ್ಚರಿಕೆ ಸಿಗುವುದಿಲ್ಲ. ಮಲತಾಯಿ ಸದ್ದಿಲ್ಲದೆ ವಂಶವೃಕ್ಷದಲ್ಲಿ ತಾಯಿಯಾಗಿ ಕೂತುಬಿಡುತ್ತಾಳೆ, ಅವಳ ಹಿಂದಿನ ನಾಲ್ಕೈದು ತಲೆಮಾರೂ ತಪ್ಪಾಗುತ್ತದೆ.

ಜನಗಣತಿ ಹೇಳುವುದು ಆ ದಿನ ಯಾರು ಯಾವ ಸೂರಿನಡಿ ಇದ್ದರು ಎಂಬುದನ್ನು ಮಾತ್ರ. ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದಕ್ಕೆ ಚರ್ಚಿನ ಪುಸ್ತಕ ಬೇಕು, ಅದಿಲ್ಲದ ಕಡೆ ಬೇರೆ ಸುತ್ತುದಾರಿ ಬೇಕು. ಈ ಬರಹ ಆ ದಾರಿಯ ಬಗ್ಗೆ.

ಹಿನ್ನೆಲೆ, ಚುಟುಕಾಗಿ

ಅಕೇಡಿಯ ಎಂದರೆ ಇಂದಿನ ಕೆನಡಾದ ನೋವಾ ಸ್ಕೋಷಿಯ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ದ್ವೀಪದ ಸುತ್ತಮುತ್ತ ಫ್ರೆಂಚರು ನೆಲೆಸಿದ್ದ ಸೀಮೆ. ಪೋರ್-ರೋಯಾಲ್ 1605ರಲ್ಲಿ ಶುರುವಾಯಿತು. ಅದರ ಈಗಿನ ಹೆಸರು ಅನಾಪೊಲಿಸ್ ರಾಯಲ್. 1755ರಿಂದ ಬ್ರಿಟಿಷರು ಈ ಜನರನ್ನು ಹಿಡಿದು ಹಡಗಿಗೆ ಹತ್ತಿಸಿ ಅಮೆರಿಕದ ಇಂಗ್ಲಿಷ್ ವಸಾಹತುಗಳಿಗೂ, ಆಮೇಲೆ ಫ್ರಾನ್ಸಿಗೂ ಸಾಗಹಾಕಿದರು. ಹಾಗಾಗಿ ಒಂದೇ ಮನೆಯ ಮಕ್ಕಳ ದಾಖಲೆ ಹ್ಯಾಲಿಫ್ಯಾಕ್ಸ್, ಕ್ವಿಬೆಕ್, ಲೂಯಿಸಿಯಾನ, ಫ್ರಾನ್ಸಿನ ಬ್ರಿಟನಿ ಎಂದು ನಾಲ್ಕು ದಿಕ್ಕಿಗೆ ಚೆದುರಿದೆ. ಊರಿನಿಂದ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ವ್ಯಕ್ತಿಯಿಂದ ಹೊರಡಿ.

ಮೊದಲ ಹೆಜ್ಜೆ: ಮದುವೆಯಿಂದ ಹಿಂದಕ್ಕೆ

ಹುಡುಕಾಟವನ್ನು ಜ್ಞಾನಸ್ನಾನದ ದಾಖಲೆಯಿಂದ ಶುರುಮಾಡಬೇಡಿ. ಮಾರಿ-ಜೋಸೆಫ್ ಲೆಬ್ಲಾಂ ಎಂಬ ಹೆಸರಿನ ಹೆಣ್ಣುಮಗು ಒಂದೇ ದಶಕದಲ್ಲಿ ಹಲವು ಮನೆಗಳಲ್ಲಿ ಹುಟ್ಟಿರುತ್ತದೆ. ಅವರಲ್ಲಿ ನಿಮ್ಮವಳು ಯಾರು ಎಂದು ಹೇಳುವುದು ಮದುವೆಯ ದಾಖಲೆ. ಅದರಲ್ಲಿ ವಧು, ವರ, ಇಬ್ಬರ ತಂದೆತಾಯಿಯರು, ಅವರ ಧರ್ಮಕೇಂದ್ರ, ಸಾಕ್ಷಿಗಳು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ತಾಯಿಯ ತವರಿನ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಫ್ರೆಂಚ್ ದಾಖಲೆಗಳಲ್ಲಿ ಹೆಣ್ಣು ಸಾಯುವವರೆಗೂ ತವರಿನ ಹೆಸರಿನಲ್ಲೇ ಇರುತ್ತಾಳೆ. ಈ ಕೆಲಸದಲ್ಲಿ ಇದಕ್ಕಿಂತ ಗಟ್ಟಿಯಾದ ಎಳೆ ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ಮರುಮದುವೆಯ ದಾಖಲೆಯಲ್ಲಿ ತಂದೆತಾಯಿಯ ಹೆಸರು ಬಹಳ ಸಲ ಇರುವುದಿಲ್ಲ. ‘ಇಂಥವನ ವಿಧವೆ’ ಎಂದಷ್ಟೇ ಬರೆದು ಪಾದ್ರಿ ಮುಗಿಸಿರುತ್ತಾನೆ. ಆಗ ಆಕೆಯ ಮೊದಲ ಮದುವೆಯನ್ನು ಹುಡುಕಲೇಬೇಕು.

ಪ್ರತಿ ವ್ಯಕ್ತಿಗೂ ಒಂದು ಹಾಳೆ ಇಟ್ಟುಕೊಂಡು ಆರು ಕಾಲಂ ಹಾಕಿ: ದಾಖಲೆಯ ದಿನಾಂಕ, ಊರು, ಮೂಲದಲ್ಲಿ ಇದ್ದಂತೆಯೇ ಹೆಸರಿನ ಕಾಗುಣಿತ, ಹೇಳಿದ ವಯಸ್ಸು, ಅದರಿಂದ ಲೆಕ್ಕಹಾಕಿದ ಹುಟ್ಟಿದ ವರ್ಷ, ಜೊತೆಗೆ ಕಾಣಿಸಿಕೊಂಡವರ ಹೆಸರುಗಳು. ಕೊನೆಯ ಕಾಲಮ್ಮನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಮುಂದೆ ಗಂಟು ಬಿಚ್ಚುವುದು ಅದರಿಂದಲೇ. ಹುಡುಕಿಯೂ ಸಿಗದ ಪುಸ್ತಕ ಮತ್ತು ವರ್ಷಗಳನ್ನೂ ಬರೆದಿಡಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಅದೇ ಪುಟಗಳನ್ನು ಮತ್ತೆ ತಿರುವುತ್ತೀರಿ.

ಎರಡನೇ ಹೆಜ್ಜೆ: ಯಾವ ಗಣತಿ ಏನು ಕೊಡುತ್ತದೆ

ಅಕೇಡಿಯದ ಗಣತಿಗಳ ಮೂಲಪ್ರತಿಗಳು ಫ್ರಾನ್ಸಿನ ಎಕ್ಸ್-ಆಂ-ಪ್ರೊವಾಂಸ್‌ನ ಸಾಗರೋತ್ತರ ಅಭಿಲೇಖಾಗಾರದಲ್ಲಿ, ಜಿ-1 ಸರಣಿಯ 466ನೇ ಸಂಪುಟದಲ್ಲಿವೆ. ಅವುಗಳ ಮೈಕ್ರೋಫಿಲ್ಮ್ ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಅಭಿಲೇಖಾಗಾರದಲ್ಲಿದೆ. ಇಂಟರ್ನೆಟ್ಟಿನಲ್ಲಿ ಓಡಾಡುವ ಇಂಗ್ಲಿಷ್ ಪಟ್ಟಿಗಳು ಯಾರೋ ಓದಿ ಬರೆದ ನಕಲುಗಳು. ಮನೆ ಹುಡುಕಲು ಅವು ಸಾಕು; ವಯಸ್ಸು ಅಥವಾ ಹೆಂಡತಿಯ ಹೆಸರಿನ ಮೇಲೆ ವಾದ ಕಟ್ಟುವಾಗ ಮೂಲಪುಟವನ್ನೇ ನೋಡಿ.

1671ರ ಗಣತಿಯನ್ನು ಬರೆದವನು ಲೊರಾಂ ಮೊಲಾಂ ಎಂಬ ಪಾದ್ರಿ. ನಾಲ್ಕುನೂರಕ್ಕೂ ಕಡಿಮೆ ಜನ. ಯಜಮಾನನ ಕಸುಬು ಮತ್ತು ವಯಸ್ಸು, ಹೆಂಡತಿಯ ತವರಿನ ಹೆಸರು ಮತ್ತು ವಯಸ್ಸು, ಮಕ್ಕಳ ಹೆಸರು, ದನ, ಕುರಿ, ಉಳುವ ನೆಲ ಎಲ್ಲ ಇದೆ. ಇದರ ದೊಡ್ಡ ಕೊಡುಗೆ ಬೇರೆಯೇ: ಮದುವೆಯಾಗಿ ಬೇರೆ ಮನೆ ಹೂಡಿದ ಮಕ್ಕಳನ್ನೂ ತಂದೆಯ ಮನೆಯ ಲೆಕ್ಕದಲ್ಲಿ ಹೆಸರಿಸಿದೆ. ಅದೇ ಮಗ ತನ್ನ ಮನೆಯ ಯಜಮಾನನಾಗಿ ಇನ್ನೊಮ್ಮೆ ಬರುತ್ತಾನೆ. ಹೀಗೆ ಎರಡು ಕಡೆ ಕಂಡವನನ್ನು ಇಬ್ಬರು ಎಂದು ಎಣಿಸಬೇಡಿ. ಅವನ ತಂದೆತಾಯಿಯರ ನೇರ ಸುಳಿವೇ ಅದು.

ಎಲ್ಲರೂ ಮೊಲಾಂಗೆ ಉತ್ತರ ಕೊಡಲಿಲ್ಲ. ಪೀಪಾಯಿ ಮಾಡುತ್ತಿದ್ದ ಪಿಯರ್ ಲಾನು, ‘ನಾನು ಚೆನ್ನಾಗಿದ್ದೇನೆ, ವಯಸ್ಸು ಹೇಳಲಾರೆ’ ಎಂದು ಹೇಳಿ ಕಳಿಸಿದ. ಎತಿಯೆನ್ ರೊಬಿಶೋ ಲೆಕ್ಕ ಕೊಡುವುದಿಲ್ಲವೆಂದು ಹೆಂಡತಿಯ ಬಾಯಲ್ಲಿ ಹೇಳಿಸಿ ಮನೆ ಬಿಟ್ಟು ಹೋದ. ದರ್ಜಿ ಪಿಯರ್ ಮೆಲಾನ್ಸೊನ್ ವಯಸ್ಸೂ ಹೇಳಲಿಲ್ಲ, ದನಕರುಗಳ ಲೆಕ್ಕವನ್ನೂ ಕೊಡಲಿಲ್ಲ. ಈ ಮನೆಗಳಲ್ಲಿ ಮಕ್ಕಳು ಕಾಣದಿದ್ದರೆ ಮಕ್ಕಳೇ ಇರಲಿಲ್ಲ ಎಂದು ತೀರ್ಮಾನಿಸಬಾರದು.

1678ರ ಗಣತಿ ಪೋರ್-ರೋಯಾಲ್‌ಗೆ ಸೀಮಿತ. ಗಂಡ ಹೆಂಡಿರ ಹೆಸರು ಕೊಟ್ಟು, ಮಕ್ಕಳ ವಯಸ್ಸನ್ನು ಮಾತ್ರ ಬರೆದಿದೆ. 1671ರ ಮಕ್ಕಳಿಗೆ ಏಳು ವರ್ಷ ಕೂಡಿಸಿ ಈ ವಯಸ್ಸುಗಳ ಪಕ್ಕದಲ್ಲಿಟ್ಟರೆ ಯಾರು ಉಳಿದರು, ಯಾರು ಹೊಸಬರು ಎಂದು ತಿಳಿಯುತ್ತದೆ.

1686ರದು ಅತ್ಯುತ್ತಮ. ನ್ಯೂ ಫ್ರಾನ್ಸಿನ ಅಧಿಕಾರಿ ದ ಮೆಲ್ ಅಕೇಡಿಯಕ್ಕೇ ಬಂದಿದ್ದಾಗ ಮಾಡಿಸಿದ್ದು. ಅಕೇಡಿಯದ ಬೋಬಾಸ್ಸಾಂ, ಮೀನ್ (ಇಂಗ್ಲಿಷಿನಲ್ಲಿ ಮೈನಾಸ್) ಪ್ರದೇಶಗಳೂ ಸೇರಿವೆ. 1693 ಕೂಡ ಹೆಸರು, ವಯಸ್ಸು ಕೊಡುತ್ತದೆ. 1698ರಿಂದ 1701ರ ಗಣತಿಗಳಲ್ಲಿ ವಿವರ ಊರಿಂದೂರಿಗೆ ಬದಲಾಗುತ್ತದೆ. 1703 ಮತ್ತು 1707ರಲ್ಲಿ ಮಕ್ಕಳ ಹೆಸರಿಲ್ಲ, ಎಣಿಕೆ ಮಾತ್ರ. 1714ರಲ್ಲಿ ಯಜಮಾನನ ಹೆಸರು, ‘ಅವನ ಹೆಂಡತಿ’ ಎಂಬ ಮಾತು, ಮಕ್ಕಳ ಮೊದಲ ಹೆಸರು ಇವೆ, ವಯಸ್ಸಿಲ್ಲ. ಆ ‘ಹೆಂಡತಿ’ ಮೊದಲನೆಯವಳೋ ಎರಡನೆಯವಳೋ ಎಂದು ಪಟ್ಟಿ ಹೇಳುವುದಿಲ್ಲ. ತಾಯಿಯ ವಿಷಯದಲ್ಲಿ ಅತಿ ಹೆಚ್ಚು ತಪ್ಪು ಹುಟ್ಟುವುದು ಇದೇ ಪಟ್ಟಿಯಿಂದ.

ಆಮೇಲಿನದು 1752ರ ಲಾ ರೋಕ್ ಗಣತಿ. ಇದು ಇಂದಿನ ಪ್ರಿನ್ಸ್ ಎಡ್ವರ್ಡ್ ದ್ವೀಪ ಮತ್ತು ಕೇಪ್ ಬ್ರೆಟನ್‌ಗೆ ಸೇರಿದ್ದು. ಯಾವ ಊರಿನಲ್ಲಿ ಹುಟ್ಟಿದರು, ಈ ನಾಡಿಗೆ ಬಂದು ಎಷ್ಟು ಕಾಲವಾಯಿತು ಎಂಬುದನ್ನೂ ಕೇಳಿ ಬರೆದ ಅಪರೂಪದ ದಾಖಲೆ.

ಮೂರನೇ ಹೆಜ್ಜೆ: ವಯಸ್ಸನ್ನು ತೂಗಿ ನೋಡುವುದು

ಒಂದೇ ಗಣತಿಯ ವಯಸ್ಸಿನಿಂದ ಹುಟ್ಟಿದ ವರ್ಷವನ್ನು ನಿಶ್ಚಯಿಸಬೇಡಿ. ಕನಿಷ್ಠ ಮೂರು ಗಣತಿಗಳ ವಯಸ್ಸು ಇಟ್ಟುಕೊಂಡು ಮೂರು ವರ್ಷಗಳನ್ನು ಪಕ್ಕಪಕ್ಕ ಬರೆಯಿರಿ. ಹತ್ತು ವರ್ಷದೊಳಗಿನ ಮಕ್ಕಳ ವಯಸ್ಸು ಒಂದೆರಡು ವರ್ಷದ ಅಂತರದಲ್ಲಿ ಸರಿಯಿರುತ್ತದೆ. ಮಕ್ಕಳಾಗಿದ್ದಾಗ ಹೇಳಿದ ವಯಸ್ಸಿಗೇ ಹೆಚ್ಚು ಬೆಲೆ ಕೊಡಿ. ದೊಡ್ಡವರ ವಯಸ್ಸು 40, 50, 60 ಎಂದು ಸೊನ್ನೆಯಲ್ಲಿ ನಿಂತರೆ ಅದು ಅಂದಾಜು. ಐದು ವರ್ಷ ಆಚೀಚೆ, ಮುದುಕರಾದರೆ ಹತ್ತು ವರ್ಷ ಆಚೀಚೆ ಎಂದಿಟ್ಟುಕೊಳ್ಳಿ.

ಗಿಯೋಮ್ ತ್ರಾಹಾಂನನ್ನೇ ನೋಡಿ. ಫ್ರಾನ್ಸಿನ ಶಿನೋಂ ಊರಿನ ಸೇಂಟ್ ಎತಿಯೆನ್ ಚರ್ಚಿನಲ್ಲಿ 1627ರಲ್ಲಿ ಅವನಿಗೂ ಫ್ರಾಂಸ್ವಾಸ್ ಕೋರ್ಬಿನೊಗೂ ಮದುವೆಯಾದ ದಾಖಲೆ ಇದೆ. 1671ರಲ್ಲಿ 60 ಎಂಬುದು ನಿಜವಾದರೆ ಮದುವೆಯ ಹೊತ್ತಿಗೆ ಅವನಿಗೆ 16. ಗಣತಿಯ ವಯಸ್ಸು ಕಡಿಮೆಯಾಗಿದೆ ಎನ್ನುವುದೇ ಸರಿ. 1636ರಲ್ಲಿ ಲಾ ರೋಶೆಲ್‌ನಿಂದ ಹೊರಟ ಸಾಂ-ಜೆಆಂ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಅವನು ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಇದ್ದಾನೆ. ಜಾನ್ ತ್ರಾಹಾಂ 1671ರಲ್ಲಿ 40 ಎಂದರೆ ಹುಟ್ಟಿದ್ದು ಸುಮಾರು 1631. ಹಡಗು ಹತ್ತುವಾಗ ಐದು ವರ್ಷದ ಮಗು. ಇತ್ತ ಮದ್ಲೆನ್ ಬ್ರಂ, ವ್ಯಾಂಸಾಂ ಬ್ರಂನ ಮಗಳು, ಫ್ರಾನ್ಸಿನ ಲಾ ಶೊಸ್ಸೆಯಲ್ಲಿ 1645ರಲ್ಲಿ ಜ್ಞಾನಸ್ನಾನ ಪಡೆದವಳು. ಅವಳ ವಯಸ್ಸು ಗಣತಿಗೆ ಹೊಂದುತ್ತದೆ. ಹಾಗಾಗಿ ಜಾನ್‌ಳ ತಾಯಿ ಫ್ರಾಂಸ್ವಾಸ್ ಕೋರ್ಬಿನೊ. ನಾಲ್ಕು ಬೇರೆಬೇರೆ ಕಾಗದಗಳು ಸೇರಿ ಒಂದು ಉತ್ತರ ಕೊಟ್ಟವು. ‘ಜಾನ್ ಇವರ ಮಗಳು’ ಎಂದು ನೇರವಾಗಿ ಅವುಗಳಲ್ಲಿ ಒಂದೂ ಹೇಳುವುದಿಲ್ಲ. ನಿಮ್ಮ ಹಾಳೆಯಲ್ಲಿ ಇಂಥದ್ದನ್ನು ‘ತರ್ಕದಿಂದ’ ಎಂದೇ ಗುರುತುಹಾಕಿ, ‘ದಾಖಲೆಯಿಂದ’ ಎಂದು ಬರೆಯಬೇಡಿ.

ಮಲಮಕ್ಕಳನ್ನು ಗುರುತಿಸಲು ಒಂದು ಸುಲಭ ಪರೀಕ್ಷೆ: ಹೆಂಡತಿಯ ವಯಸ್ಸಿನಿಂದ ಹಿರಿಯ ಮಗುವಿನ ವಯಸ್ಸು ಕಳೆಯಿರಿ. 16ಕ್ಕಿಂತ ಕಡಿಮೆ ಬಂದರೆ ಅನುಮಾನಿಸಿ. ಮಕ್ಕಳ ಸಾಲಿನ ನಡುವೆ ನಾಲ್ಕು ವರ್ಷಕ್ಕೂ ದೊಡ್ಡ ಬಿಡುವಿದ್ದರೆ ಒಂದು ಮಗು ತೀರಿಕೊಂಡಿರಬಹುದು, ಇಲ್ಲವೆ ಹೆಂಡತಿಯೇ ಬದಲಾಗಿರಬಹುದು.

ನಾಲ್ಕನೇ ಹೆಜ್ಜೆ: ಉಳಿದಿರುವ ಚರ್ಚ್ ಪುಸ್ತಕಗಳು

ಪೋರ್-ರೋಯಾಲ್‌ನ ಸಾಂ-ಜಾಂ-ಬಾತಿಸ್ತ್ ಧರ್ಮಕೇಂದ್ರದ ಪುಸ್ತಕಗಳು 1702ರಿಂದ 1755ರವರೆಗೆ ಉಳಿದಿವೆ. ಹ್ಯಾಲಿಫ್ಯಾಕ್ಸ್‌ನ ನೋವಾ ಸ್ಕೋಷಿಯ ಅಭಿಲೇಖಾಗಾರ ಇವುಗಳ ಪುಟಚಿತ್ರಗಳನ್ನು ತನ್ನ ಜಾಲತಾಣದಲ್ಲಿ ಇಟ್ಟಿದೆ, ಹೆಸರಿನಿಂದ ಹುಡುಕಬಹುದು. ಹೊಸಬರು ಕೈ ಪಳಗಿಸಿಕೊಳ್ಳಬೇಕಾದ ಜಾಗ ಇದೇ. ಬೋಬಾಸ್ಸಾಂನದು 1679–1686 ಮತ್ತು 1712–1748. ನಡುವೆ 26 ವರ್ಷ ಖಾಲಿ. ಗ್ರಾಂ-ಪ್ರೆಯ ಸಾಂ-ಶಾರ್ಲ್ ಪುಸ್ತಕಗಳ (1707–1748) ಕಥೆ ಮನಸ್ಸು ಕಲಕುವಂಥದ್ದು. ಮನೆಮಠ ಕಳೆದುಕೊಂಡ ಜನ ಅವನ್ನು ಗಡಿಪಾರಿನಲ್ಲೂ ಬಿಡದೆ ಹೊತ್ತು ಮೇರಿಲ್ಯಾಂಡ್‌ಗೂ, ಅಲ್ಲಿಂದ ಲೂಯಿಸಿಯಾನಕ್ಕೂ ಒಯ್ದರು. ಈಗ ಅವು ಬ್ಯಾಟನ್ ರೂಜ್ ಧರ್ಮಪ್ರಾಂತ್ಯದ ಅಭಿಲೇಖಾಗಾರದಲ್ಲಿವೆ. ಕೆನಡಾದಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲಬೇಡಿ. ರಿವಿಯೆರ್-ಓ-ಕನಾರ್, ಪಿಸಿಗಿ, ಕೋಬೆಕಿ ಕಡೆಯ ಪುಸ್ತಕಗಳು ಬಹುಪಾಲು ಕಳೆದುಹೋಗಿವೆ. ಆ ಊರಿನವರಾದರೆ ಐದನೇ ಹೆಜ್ಜೆಗೆ ಹೋಗಿ.

ಪುಟ ಓದುವಾಗ ಎಡವುವ ಜಾಗಗಳು ಇವು. ತಿಂಗಳ ಹೆಸರನ್ನು 7, 8, 9 ಅಂಕಿಯ ಮುಂದೆ ‘ಬ್ರ್’ ಎಂದು ಸೇರಿಸಿ ಬರೆದಿದ್ದರೆ ಅವು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ಜುಲೈ, ಆಗಸ್ಟ್ ಅಲ್ಲ. ರೋಮನ್ ಹತ್ತರ ಗುರುತಿನೊಂದಿಗೆ ಬಂದರೆ ಡಿಸೆಂಬರ್. ಹೆಸರಿನ ಹಿಂದೆ ‘ಫೆ’ ಎಂದಿದ್ದರೆ ಆ ವ್ಯಕ್ತಿ ಆಗಲೇ ತೀರಿಕೊಂಡಿದ್ದಾರೆ. ಸಾವಿನ ದಾಖಲೆ ಸಿಗದ ಕಡೆ ಈ ಒಂದು ಪದ ಸಾವಿನ ಕಾಲವನ್ನು ಎರಡು ದಾಖಲೆಗಳ ನಡುವೆ ಕಟ್ಟಿಹಾಕುತ್ತದೆ. ‘ಓಂದ್ವಾಯೆ’ ಎಂದರೆ ಪಾದ್ರಿ ಸಿಗದೆ ಮನೆಯವರೇ ಅವಸರದಲ್ಲಿ ನೀರು ಹಾಕಿದ ಮಗು. ಚರ್ಚಿನ ದಿನಾಂಕಕ್ಕೂ ಹುಟ್ಟಿಗೂ ಆಗ ತಿಂಗಳುಗಳ ಅಂತರವಿರಬಹುದು. ‘ಬೋ-ಪೆರ್’ ಎಂಬ ಪದಕ್ಕೆ ಮಾವ ಎಂಬ ಅರ್ಥವೂ ಇದೆ, ಮಲತಂದೆ ಎಂಬ ಅರ್ಥವೂ ಇದೆ. ‘ಬೋ-ಫಿಸ್’ ಅಳಿಯನೂ ಹೌದು, ಮಲಮಗನೂ ಹೌದು. ಯಾವುದೆಂದು ಬೇರೆ ದಾಖಲೆಯಿಂದ ತೀರ್ಮಾನವಾಗುವವರೆಗೆ ಎರಡನ್ನೂ ಬರೆದಿಟ್ಟುಕೊಳ್ಳಿ.

‘ದಿ’ ಎಂಬ ಪುಟ್ಟ ಪದ ಬಂದರೆ ಅದರ ಮುಂದಿರುವುದು ಅಡ್ಡಹೆಸರು. ಮಿಶೆಲ್ ಹಾಶೆ ದಿ ಗಲಾಂ ಎಂಬವನ ಸಂತತಿಯಲ್ಲಿ ಕೆಲವರು ಹಾಶೆಗಳಾದರು, ಕೆಲವರು ಗಲಾಂಟ್‌ಗಳಾದರು. ಇಂಗ್ಲಿಷರ ನಡುವೆ ಸೇರಿದ ಮೇಲೆ ಲೆಬ್ಲಾಂ ಎಂಬುದು ವೈಟ್ ಆಯಿತು, ಪುವಾರಿಯೆ ಪೆರಿ ಆಯಿತು. ಹುಡುಕುವಾಗ ಕಾಗುಣಿತ ಬಿಟ್ಟು ಸದ್ದನ್ನು ಹಿಡಿಯಿರಿ.

ಒಂದೇ ಹೆಸರಿನ ಅಣ್ಣತಮ್ಮಂದಿರ ಗೋಜಲೂ ಇದೆ. ಪೀಪಾಯಿ ಮಾಡುತ್ತಿದ್ದ ಪಿಯರ್ ಕೊಮೊ ಮತ್ತು ರೋಸ್ ಬಾಯೋಂ ದಂಪತಿಗೆ ಪಿಯರ್ ಎಂಬ ಇಬ್ಬರು ಗಂಡುಮಕ್ಕಳು, ಜಾಂ ಎಂಬ ಇನ್ನಿಬ್ಬರು, ನಾಲ್ವರೂ ಬದುಕಿ ಬೆಳೆದವರು. ದಾಖಲೆಯಲ್ಲಿ ‘ಹಿರಿಯ’, ‘ಕಿರಿಯ’ ಎಂದು ಕಂಡಾಗ ತಂದೆ ಮಗ ಎಂದುಕೊಂಡರೆ ಇಲ್ಲಿ ಒಂದು ತಲೆಮಾರೇ ಹೆಚ್ಚಾಗುತ್ತದೆ. ಅವರನ್ನು ಬೇರ್ಪಡಿಸುವುದು ಹೆಂಡತಿಯ ತವರಿನ ಹೆಸರು, ಅಡ್ಡಹೆಸರು ಮತ್ತು ಸಹಿ. ಸಹಿಯ ಜಾಗವನ್ನು ಯಾವತ್ತೂ ನೋಡದೆ ಬಿಡಬೇಡಿ: ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬ ಸಹಿ ಮಾಡಬಲ್ಲವ, ಇನ್ನೊಬ್ಬ ಅಡ್ಡಗೀಟು ಎಳೆಯುವವ ಎಂದು ತಿಳಿದರೆ ಹತ್ತು ದಾಖಲೆಗಳು ಒಂದೇ ಏಟಿಗೆ ಎರಡು ಗುಂಪಾಗುತ್ತವೆ. ಹಾಗೆಯೇ, ಮಗು ಸತ್ತರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವುದು ರೂಢಿಯಲ್ಲಿತ್ತು. ಜ್ಞಾನಸ್ನಾನ ಸಿಕ್ಕ ಕೂಡಲೇ ಮುಂದಿನ ಐದು ವರ್ಷದ ಸಮಾಧಿ ದಾಖಲೆಗಳನ್ನು ತಿರುವಿ ನೋಡಿ.

ಐದನೇ ಹೆಜ್ಜೆ: ವಿನಾಯಿತಿಯ ಲೆಕ್ಕ

ಪುಸ್ತಕ ಕಳೆದುಹೋದ ಕಡೆ ತಂದೆತಾಯಿಯರನ್ನು ಹೊರಗೆಳೆಯುವ ಅತಿ ಹರಿತವಾದ ಸಾಧನ ಇದು. ಆ ಕಾಲದ ಕ್ಯಾಥೊಲಿಕ್ ನಿಯಮದಲ್ಲಿ ನಾಲ್ಕನೇ ಶ್ರೇಣಿಯವರೆಗಿನ ರಕ್ತಸಂಬಂಧಿಗಳು ಮದುವೆಯಾಗಲು ವಿನಾಯಿತಿ ಪಡೆಯಬೇಕಿತ್ತು. ಪಾದ್ರಿ ಶ್ರೇಣಿಯನ್ನು ಮದುವೆಯ ದಾಖಲೆಯಲ್ಲೇ ಬರೆಯುತ್ತಿದ್ದ. ಶ್ರೇಣಿ ಎಂದರೆ ಸಮಾನ ಪೂರ್ವಜರಿಂದ ಇಳಿದ ಮೆಟ್ಟಿಲುಗಳ ಎಣಿಕೆ:

ಒಂದನೇ ಶ್ರೇಣಿ: ಒಡಹುಟ್ಟಿದವರು.
ಎರಡನೇ ಶ್ರೇಣಿ: ಅಜ್ಜ ಅಜ್ಜಿ ಒಂದೇ.
ಮೂರನೇ ಶ್ರೇಣಿ: ಮುತ್ತಜ್ಜ ಮುತ್ತಜ್ಜಿ ಒಂದೇ.
ನಾಲ್ಕನೇ ಶ್ರೇಣಿ: ಮುತ್ತಜ್ಜನ ತಂದೆತಾಯಿ ಒಂದೇ.
‘ಮೂರರಿಂದ ನಾಲ್ಕು’: ಒಬ್ಬರಿಗೆ ಮೂರು ಮೆಟ್ಟಿಲು, ಇನ್ನೊಬ್ಬರಿಗೆ ನಾಲ್ಕು.

ನಮ್ಮ ಕಡೆಯ ಓದುಗರಿಗೆ ಒಂದು ಮಾತು. ಸೋದರಮಾವನ ಮಗಳು ಬೇರೆ, ಚಿಕ್ಕಪ್ಪನ ಮಗಳು ಬೇರೆ ಎಂಬ ನಮ್ಮ ಭೇದ ಈ ಲೆಕ್ಕದಲ್ಲಿ ಇಲ್ಲ. ತಾಯಿಯ ಕಡೆ, ತಂದೆಯ ಕಡೆ ಎರಡಕ್ಕೂ ಒಂದೇ ಮೆಟ್ಟಿಲು.

ಬಳಸುವ ಬಗೆ ಹೀಗೆ. ವರನ ವಂಶ ಪೂರ್ತಿ ಗೊತ್ತು, ವಧುವಿನ ತಾಯಿಯ ತಂದೆತಾಯಿ ಯಾರೆಂದು ಗೊತ್ತಿಲ್ಲ, ಮೂರನೇ ಶ್ರೇಣಿಯ ವಿನಾಯಿತಿ ಸಿಕ್ಕಿದೆ ಎಂದುಕೊಳ್ಳಿ. ವರನ ಮುತ್ತಜ್ಜ–ಮುತ್ತಜ್ಜಿಯರ ನಾಲ್ಕು ಜೋಡಿಗಳನ್ನು ಅಡ್ಡಸಾಲಿನಲ್ಲಿ, ವಧುವಿನ ಗೊತ್ತಿರುವ ಎರಡು ಜೋಡಿಗಳನ್ನು ಉದ್ದಸಾಲಿನಲ್ಲಿ ಬರೆಯಿರಿ. ಗೊತ್ತಿರುವ ಜೋಡಿಗಳಲ್ಲೇ ಹೊಂದಿಕೆ ಸಿಕ್ಕರೆ ವಿನಾಯಿತಿ ಅಲ್ಲಿಗೆ ತೀರಿತು. ಗೊತ್ತಿಲ್ಲದ ಭಾಗದ ಬಗ್ಗೆ ಅದು ಏನೂ ಹೇಳುವುದಿಲ್ಲ. ಸಿಗದಿದ್ದರೆ ಹೊಂದಿಕೆ ಗೊತ್ತಿಲ್ಲದ ಕಡೆಯೇ ಇರಬೇಕು. ಆಗ ವಧುವಿನ ತಾಯಿಯ ತಂದೆಯೋ ತಾಯಿಯೋ ವರನ ನಾಲ್ಕು ಜೋಡಿಗಳಲ್ಲಿ ಒಂದರ ಮಗುವಾಗಿರಬೇಕು. ನಂತರ ಆ ವಧುವಿನ ಅಕ್ಕತಂಗಿ, ಅಣ್ಣತಮ್ಮಂದಿರ ಮದುವೆಗಳ ವಿನಾಯಿತಿಗಳನ್ನು ತೆಗೆಯಿರಿ. ಎರಡು ಮೂರು ವಿನಾಯಿತಿಗಳಲ್ಲೂ ಉಳಿಯುವ ಜೋಡಿ ಒಂದೇ ಒಂದಾದರೆ ಉತ್ತರ ಸಿಕ್ಕಂತೆ.

ಕೆಡುವುದು ಎಲ್ಲಿ? ಹೆಂಡತಿ ಸತ್ತವನು ಅವಳ ಬಂಧುವನ್ನು ಮದುವೆಯಾದರೂ ವಿನಾಯಿತಿ ಬೇಕಿತ್ತು. ಅದು ಮದುವೆಯಿಂದ ಬಂದ ನಂಟು, ರಕ್ತಸಂಬಂಧವಲ್ಲ. ದಾಖಲೆಯಲ್ಲಿ ‘ಅಫಿನಿತೆ’ ಎಂದಿದ್ದರೆ ಸತ್ತ ಹೆಂಡತಿಯ ವಂಶವನ್ನು ಲೆಕ್ಕಕ್ಕಿಡಿ. ತಂದೆ ಇಲ್ಲವೆ ತಾಯಿ ಮಾತ್ರ ಒಂದೇ ಆಗಿರುವ ಮಲ ಅಣ್ಣತಂಗಿಯರ ಸಂತತಿಯಲ್ಲಿ ಸಮಾನ ಪೂರ್ವಜ ಒಬ್ಬರೇ ಇರುತ್ತಾರೆ, ಜೋಡಿಯಲ್ಲ. ಪಾದ್ರಿಗೆ ಸಂಬಂಧ ಗೊತ್ತಾಗದೆ ವಿನಾಯಿತಿ ಬಿಟ್ಟುಹೋದದ್ದೂ ಉಂಟು. ಹಾಗಾಗಿ ವಿನಾಯಿತಿ ಇದ್ದರೆ ಸಾಕ್ಷಿ. ಇಲ್ಲದಿದ್ದರೆ ‘ಸಂಬಂಧವಿಲ್ಲ’ ಎಂಬುದಕ್ಕೆ ಸಾಕ್ಷಿಯಲ್ಲ.

ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಜ್ಞಾನತಂದೆ, ಜ್ಞಾನತಾಯಿಯರು ಸಾಮಾನ್ಯವಾಗಿ ಹತ್ತಿರದ ನಂಟರೇ. ಎಲ್ಲ ಮಕ್ಕಳ ಜ್ಞಾನತಂದೆತಾಯಿಯರನ್ನು ಒಂದೇ ಪಟ್ಟಿಯಲ್ಲಿ ಬರೆದರೆ ತಾಯಿಯ ತವರು ತಾನಾಗಿ ಮೇಲೆ ಬರುತ್ತದೆ. ಇದು ದಾರಿ ತೋರಿಸುತ್ತದೆ, ಇದೊಂದರಿಂದಲೇ ತೀರ್ಪು ಕೊಡಬಾರದು.

ಆರನೇ ಹೆಜ್ಜೆ: 1755ನ್ನು ದಾಟುವುದು

ಗ್ರಾಂ-ಪ್ರೆಯಲ್ಲಿ ಸೇನಾಧಿಕಾರಿ ಜಾನ್ ವಿನ್‌ಸ್ಲೊ 1755ರಲ್ಲಿ ಮಾಡಿದ ಪಟ್ಟಿಯಲ್ಲಿ ಯಜಮಾನನ ಹೆಸರು, ಗಂಡು ಹೆಣ್ಣುಮಕ್ಕಳ ಎಣಿಕೆ ಇದೆ, ಮಕ್ಕಳ ಹೆಸರಿಲ್ಲ. ಇಂಗ್ಲಿಷ್ ವಸಾಹತುಗಳಲ್ಲಿ ಪಾದ್ರಿ ಸಿಗದೆ ಸಾಕ್ಷಿಗಳೆದುರು ಮದುವೆಯಾದವರು, ಕ್ವಿಬೆಕ್ ಅಥವಾ ಲೂಯಿಸಿಯಾನ ಸೇರಿದ ಮೇಲೆ ಚರ್ಚಿನಲ್ಲಿ ಆ ಮದುವೆಯನ್ನು ಊರ್ಜಿತ ಮಾಡಿಸಿಕೊಂಡರು. ಆ ದಾಖಲೆಯ ದಿನಾಂಕ ಮದುವೆಯ ದಿನಾಂಕವಲ್ಲ. ಅದೇ ದಿನ ಮೂರು ನಾಲ್ಕು ವರ್ಷದ ಮಕ್ಕಳಿಗೂ ಜ್ಞಾನಸ್ನಾನ ಆಗಿರುವುದುಂಟು. ಆ ಮಕ್ಕಳನ್ನು ಮದುವೆಗೆ ಮುಂಚೆ ಹುಟ್ಟಿದವರೆಂದೋ ಮಲಮಕ್ಕಳೆಂದೋ ತಪ್ಪು ತಿಳಿಯಬೇಡಿ. ಮ್ಯಾಸಚೂಸೆಟ್ಸ್‌ನಿಂದ ಬಂದವರಿಗೆ ಕ್ವಿಬೆಕ್‌ನ ಸಾಂ-ಜಾಕ್-ದ-ಲಾಶಿಗಾಂ ಪುಸ್ತಕಗಳನ್ನು ನೋಡಿ. 1785ರಲ್ಲಿ ಏಳು ಹಡಗುಗಳಲ್ಲಿ ಫ್ರಾನ್ಸ್‌ನಿಂದ ಲೂಯಿಸಿಯಾನಕ್ಕೆ ಹೋದ ಸುಮಾರು 1,600 ಜನರಿಗೆ ಆ ಹಡಗುಗಳ ಪಟ್ಟಿಗಳೇ ಮೊದಲ ಮೆಟ್ಟಿಲು.

ಬ್ರಿಟನಿಯ ಬೆಲ್-ಈಲ್ ದ್ವೀಪದಲ್ಲಿ ನೆಲೆಗೊಂಡ 78 ಕುಟುಂಬಗಳು 1767ರಲ್ಲಿ ತಮ್ಮ ವಂಶಾವಳಿಯನ್ನು ಪ್ರಮಾಣಮಾಡಿ ಹೇಳಿಕೆ ಕೊಟ್ಟವು. ಅಕೇಡಿಯಕ್ಕೆ ಮೊದಲು ಬಂದ ಪೂರ್ವಜನವರೆಗೂ ಅವು ಹೋಗುತ್ತವೆ. ಕಳೆದುಹೋದ ಪುಸ್ತಕಗಳ ಜಾಗ ತುಂಬುವ ಇಂಥ ನಿಧಿ ಬೇರೆಲ್ಲೂ ಇಲ್ಲ. ಆದರೆ ಅದು ನೆನಪಿನಿಂದ ಹೇಳಿದ್ದು. ಹೇಳುವವರ ತಂದೆತಾಯಿ, ಅಜ್ಜ ಅಜ್ಜಿಯರ ಮಟ್ಟಿಗೆ ಗಟ್ಟಿ. ನೂರು ವರ್ಷ ಹಿಂದಿನವರ ವಿಷಯದಲ್ಲಿ ‘ಹೆಂಡತಿಯೊಂದಿಗೆ ಫ್ರಾನ್ಸಿನಿಂದ ಬಂದ’ ಎಂಬ ಮಾತನ್ನು ಗಣತಿಯೊಂದಿಗೆ ತಾಳೆ ನೋಡದೆ ಒಪ್ಪಬೇಡಿ.

ಸಿದ್ಧ ವಂಶವೃಕ್ಷಗಳ ಬಗ್ಗೆ

ಮಾಂಕ್ಟನ್ ವಿಶ್ವವಿದ್ಯಾಲಯದ ಅಕೇಡಿಯನ್ ಅಧ್ಯಯನ ಕೇಂದ್ರ 1999ರಲ್ಲಿ ಪ್ರಕಟಿಸಿದ ವಂಶಕೋಶ 1636ರಿಂದ 1714ರವರೆಗಿನ ಕುಟುಂಬಗಳನ್ನು ಆಧಾರಸಹಿತ ಕಟ್ಟಿಕೊಟ್ಟಿದೆ. ನಿಮ್ಮ ತೀರ್ಮಾನವನ್ನು ಅದರೊಂದಿಗೆ ಹೋಲಿಸಿ. ವ್ಯತ್ಯಾಸ ಬಂದರೆ ಎರಡೂ ಕಡೆಯ ಆಧಾರಗಳನ್ನು ಎದುರಿಗಿಟ್ಟುಕೊಳ್ಳಿ. ಜಾಲತಾಣಗಳಲ್ಲಿ ಒಬ್ಬರಿಂದೊಬ್ಬರು ನಕಲು ಮಾಡಿದ ವೃಕ್ಷಗಳು ಬೇರೆ ಜಾತಿ. ಅಕೇಡಿಯದ ಲೆಬ್ಲಾಂ ಮನೆತನದ ಮೂಲಪುರುಷ ಡಾನಿಯೆಲ್ ಲೆಬ್ಲಾಂಗೆ ಫ್ರಾನ್ಸಿನ ತಂದೆತಾಯಿಯರನ್ನು ಜೋಡಿಸಿದ ನೂರಾರು ವೃಕ್ಷಗಳಿವೆ. ಅದಕ್ಕೆ ಆಧಾರವಾದ ಚರ್ಚ್ ದಾಖಲೆ ತೋರಿಸಿ ಎಂದರೆ ಯಾವುದರಲ್ಲೂ ಇಲ್ಲ.

ಡಿಎನ್‌ಎ ಪರೀಕ್ಷೆಯಲ್ಲಿ ತಾಯಿಯಿಂದ ತಾಯಿಗೆ ಸಾಗುವ ಮೈಟೋಕಾಂಡ್ರಿಯದ ಡಿಎನ್‌ಎ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕ್ಯಾತರಿನ್ ಮತ್ತು ಎಡ್ಮೆ ಲೆಜೆನ್ ಇಬ್ಬರ ಹೆಣ್ಣುಸಾಲಿನ ಸಂತತಿಯಲ್ಲೂ ಯು6ಎ ಎಂಬ ಒಂದೇ ಗುಂಪು ಸಿಕ್ಕಿದ್ದು, ಅವರು ಅಕ್ಕತಂಗಿಯರೆಂಬ ಮಾತಿಗೆ ಹೊಂದುತ್ತದೆ. ಮಾಮೂಲಿ ಪರೀಕ್ಷೆಯ ‘ಇಷ್ಟನೇ ಸಂಬಂಧಿ’ ಎಂಬ ಅಂದಾಜನ್ನು ಮಾತ್ರ ಹಾಗೇ ನಂಬಬೇಡಿ. ಐವತ್ತು ಅರವತ್ತು ಮನೆಗಳೊಳಗೇ ತಲೆಮಾರುಗಟ್ಟಲೆ ಕೊಟ್ಟು ತಂದ ಜನ ಇವರು. ಇಬ್ಬರ ನಡುವೆ ಹತ್ತು ದಾರಿಯಲ್ಲಿ ನಂಟಿದ್ದಾಗ, ದೂರದ ಬಂಧುವೂ ಹತ್ತಿರದವನಂತೆ ಕಾಣುತ್ತಾನೆ.